ಸೆಟರ್ ಬರೆದರೂ ಮೈನಸ್ ದರ ಒಳಗೆ ಬಂತೇ? ಹೀಗೆ ಹುಡುಕಿ

ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದಕ್ಕೆ ಪೈಥಾನ್‌ನಲ್ಲಿ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದೀರಿ ಎಂದುಕೊಳ್ಳಿ. ‘ಲಾಟ್’ ಎಂಬ ಕ್ಲಾಸ್. ಅದರಲ್ಲಿ ಮೆಣಸಿನಕಾಯಿ ಕಡ್ಡಿಯೋ ಡಬ್ಬಿಯೋ, ಚೀಲಗಳ ತೂಕ ಎಷ್ಟು, ಕ್ವಿಂಟಲ್ ದರ ಎಷ್ಟು ಎಂಬ ವಿವರ. ದರ ಸೊನ್ನೆಗಿಂತ ಕಡಿಮೆ ಇರಬಾರದು ಎಂದು ಪ್ರಾಪರ್ಟಿ (ಓದುವಾಗ ಗೆಟರ್, ಬೆಲೆ ಹಾಕುವಾಗ ಸೆಟರ್ ಎಂಬ ಫಂಕ್ಷನ್ ತಾನಾಗಿ ಓಡುವ ಹೆಸರು) ಮಾಡಿ, ಸೆಟರ್‌ನಲ್ಲಿ ದರ ತಪ್ಪಿದ್ದರೆ ‘ವ್ಯಾಲ್ಯೂ ಎರರ್’ ಕೊಡುವ ತಪಾಸಣೆಯನ್ನೂ ಹಾಕಿದ್ದೀರಿ. ಆದರೂ ಮೈನಸ್ 500 ಆರಾಮಾಗಿ ಒಳಗೆ ಕೂತಿದೆ.

ಮೊದಲು ಸೆಟರ್‌ನ ಮೊದಲ ಸಾಲಿನಲ್ಲೇ ಒಂದು ಪ್ರಿಂಟ್ ಹಾಕಿ. ಅದು ತೆರೆಯ ಮೇಲೆ ಬರದಿದ್ದರೆ ಸೆಟರ್ ಓಡಿಯೇ ಇಲ್ಲ. ಆಗ ತಪಾಸಣೆಯ ಷರತ್ತನ್ನು ತಿದ್ದುತ್ತಾ ಕೂತರೆ ಸುಮ್ನೆ ಸಮಯ ದಂಡ. ಬೆಲೆ ಯಾವ ದಾರಿಯಿಂದ ಒಳಗೆ ಬಂತು ಎಂದು ಹುಡುಕಬೇಕು.

ನಾನು ಮೊದಲು ನೋಡುವುದು ‘__ಇನಿಟ್__’ (__init__), ಅಂದರೆ ಹೊಸ ಲಾಟ್ ಮಾಡುವಾಗ ಓಡುವ ಫಂಕ್ಷನ್. ಅಲ್ಲಿ ‘ಸೆಲ್ಫ್._ದರ = ದರ’ ಎಂದಿದ್ದರೆ ಸೆಟರ್ ತಪ್ಪಿಹೋಗುತ್ತದೆ. ಅಂಡರ್‌ಸ್ಕೋರ್ ತೆಗೆದು ‘ಸೆಲ್ಫ್.ದರ = ದರ’ ಎಂದು ಬರೆಯಿರಿ. (ಪೈಥಾನ್ 3ರಲ್ಲಿ ಕನ್ನಡದ ಹೆಸರುಗಳೂ ನಡೆಯುತ್ತವೆ. ‘ದರ’ ಎಂದೇ ಇಡಿ, ಓದಲು ಎಷ್ಟು ಹಿತ! ಪೈಥಾನ್‌ನದೇ ಆದ __init__, setter, append ಮಾತ್ರ ಇಂಗ್ಲಿಷ್‌ನಲ್ಲೇ ಇರಲಿ.) ಆಮೇಲೆ ಕಾಗುಣಿತ ನೋಡಿ. ‘ಮಾಲು’ ಎಂಬ ಹೆಸರಿನ ಲಾಟ್ ಇದ್ದು, ‘ಮಾಲು.ಧರ = -500’ ಎಂದು ಬರೆದರೆ ಪೈಥಾನ್ ತಕರಾರು ಮಾಡದೆ ‘ಧರ’ ಎಂಬ ಹೊಸ ಹೆಸರನ್ನೇ ಸೇರಿಸಿಬಿಡುತ್ತದೆ.

ತೂಕಗಳ ಪಟ್ಟಿಯದು ಬೇರೆಯೇ ಕಥೆ. ‘ಮಾಲು.ತೂಕಗಳು.ಅಪೆಂಡ್(-40)’ ಎಂದಾಗ ಓಡುವುದು ಗೆಟರ್ ಮಾತ್ರ. ಅದು ಕೊಟ್ಟ ಲಿಸ್ಟ್ ಒಳಗೊಳಗೇ ಬದಲಾಗುತ್ತದೆ, ಸೆಟರ್‌ಗೆ ಸುದ್ದಿಯೇ ಇಲ್ಲ. ಗೆಟರ್‌ನಿಂದ ಟ್ಯೂಪಲ್ (ಬದಲಿಸಲಾಗದ ಪಟ್ಟಿ) ಕೊಡಿ, ತೂಕ ಸೇರಿಸಲು ಬೇರೆ ಮೆಥಡ್ ಬರೆದು ತಪಾಸಣೆಯನ್ನು ಅಲ್ಲೂ ಇಡಿ.

ಪ್ರಿಂಟ್ ಸಾಲುಸಾಲಾಗಿ ಬಂದು ಕೊನೆಗೆ ‘ರಿಕರ್ಶನ್ ಎರರ್’ ಬಂದರೆ? ಸೆಟರ್ ಒಳಗೇ ‘ಸೆಲ್ಫ್.ದರ = ಬೆಲೆ’ ಎಂದು ಬರೆದಿರುತ್ತೀರಿ. ಆ ಸಾಲು ಮತ್ತೆ ಅದೇ ಸೆಟರನ್ನು ಕರೆಯುತ್ತದೆ. ಪೈಥಾನ್‌ನ ಹೀಗೆ ಒಂದರೊಳಗೊಂದು ಕರೆಯುವುದಕ್ಕೆ ಮಾಮೂಲಿ ಮಿತಿ 1000, ಅಲ್ಲಿಗೆ ನಿಂತುಬಿಡುತ್ತದೆ. ಅಂಡರ್‌ಸ್ಕೋರ್ ಬೇಕಾಗಿರುವುದು ಇಲ್ಲಿ: ‘ಸೆಲ್ಫ್._ದರ = ಬೆಲೆ’. ಗೆಟರ್ ಕೂಡ ‘_ದರ’ವನ್ನೇ ವಾಪಸ್ ಕೊಡಬೇಕು.

ಸೆಟರ್ ಬರೆದಿದ್ದರೂ ‘ಪ್ರಾಪರ್ಟಿಗೆ ಸೆಟರ್ ಇಲ್ಲ’ ಎಂಬ ಎರರ್ ಬಂದರೆ ಫಂಕ್ಷನ್ ಹೆಸರು ನೋಡಿ. ‘@ದರ.ಸೆಟರ್’ ಕೆಳಗೆ ‘ದರ_ಹಾಕು’ ಎಂದು ಫಂಕ್ಷನ್ ಬರೆದರೆ ಸೆಟರ್ ಇರುವ ಹೊಸ ಪ್ರಾಪರ್ಟಿ ‘ದರ_ಹಾಕು’ ಹೆಸರಿಗೆ ಹೋಗುತ್ತದೆ. ಹಳೆಯ ‘ದರ’ ಓದಲಷ್ಟೇ ಉಳಿಯುತ್ತದೆ. ಎರಡಕ್ಕೂ ಒಂದೇ ಹೆಸರಿರಬೇಕು.

ಇಷ್ಟಾದ ಮೇಲೆ ಎರಡು ಕಡೆ ಪರೀಕ್ಷಿಸಿ. ಮೈನಸ್ ದರ ಕೊಟ್ಟು ಹೊಸ ಲಾಟ್ ಮಾಡಿ, ಹಾಗೆಯೇ ಸರಿಯಿರುವ ಲಾಟ್‌ನ ದರವನ್ನು ಮೈನಸ್‌ಗೆ ಬದಲಿಸಿ. ಎರಡು ಸಲವೂ ನಿಮ್ಮ ‘ವ್ಯಾಲ್ಯೂ ಎರರ್’ ಬರಬೇಕು. ಬಂದರೆ ಆ ಪ್ರಿಂಟ್ ಸಾಲನ್ನು ಅಳಿಸಿ.