ಜಪಾನಿನ ಹಳೇ ಮ್ಯಾಂಡೊಲಿನ್ ಮಾಡಿದ್ದು ಯಾರು? ಪತ್ತೆ ಹಚ್ಚುವುದು ಹೀಗೆ

ಜಪಾನಿನ ಹಳೇ ಮ್ಯಾಂಡೊಲಿನ್ ಕೈಗೆ ಸಿಕ್ಕ ತಕ್ಷಣ ಎಲ್ಲರೂ ಮಾಡುವುದು ಒಂದೇ: ತಲೆಯ ಮೇಲಿನ ಹೆಸರನ್ನು ಗೂಗಲ್ ಮಾಡುತ್ತಾರೆ. ಅಲ್ಲಿರುವುದು ಎಷ್ಟೋ ಸಲ ಮಾರಿದವರ ಹೆಸರು, ಮಾಡಿದವರದ್ದಲ್ಲ. ಗಿಟಾರ್‌ನಲ್ಲೂ ಇದೇ ಕಥೆ. ಐಬನೆಝ್ ಎಂಬುದು ನಗೋಯಾದ ಹೊಶಿನೊ ಗಕ್ಕಿ ಎಂಬ ವ್ಯಾಪಾರಿಗಳ ಬ್ರಾಂಡು. ಅದರ ಎಷ್ಟೋ ಗಿಟಾರುಗಳು ತಯಾರಾದದ್ದು ಮತ್ಸುಮೊಟೊದ ಫುಜಿಗೆನ್ ಕಾರ್ಖಾನೆಯಲ್ಲಿ.

ಮೊದಲು ತಂತಿ ಸಡಿಲಿಸಿ. ಪೂರ್ತಿ ಬಿಚ್ಚಬೇಡಿ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನು (ಬ್ರಿಡ್ಜ್) ಅಂಟಿಸಿರುವುದಿಲ್ಲ, ಜಾರಿದರೆ ಶ್ರುತಿ ಕೂರಿಸಲು ಒದ್ದಾಡಬೇಕು.

ಈಗ ಅಸಲಿ ಕೆಲಸ. ವಾದ್ಯದ ಮೈಮೇಲಿನ ರಂಧ್ರದೊಳಗೆ ಇಣುಕಿದರೆ ಕಾಣುವ, ಮಾಡಿದವರ ಚೀಟಿ. ಟಾರ್ಚನ್ನು ನೇರ ಬಿಟ್ಟರೆ ಕಾಗದ ಬೆಳ್ಳಗೆ ಹೊಳೆಯುತ್ತದೆ ಅಷ್ಟೆ. ಓರೆಯಾಗಿ ಹಿಡಿಯಿರಿ, ಮಾಸಿದ ಶಾಯಿ ಎದ್ದು ಬರುತ್ತದೆ. ದಂತವೈದ್ಯರ ಪುಟ್ಟ ಕನ್ನಡಿ ಬಳಸುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ: ಅಕ್ಷರ ತಿರುಗುಮುರುಗಾಗುತ್ತದೆ, ಜಪಾನಿ ಓದಲು ಬಾರದವರಿಗೆ ಅದು ಗೊತ್ತೇ ಆಗುವುದಿಲ್ಲ. ಮೊಬೈಲಿನಲ್ಲಿ ಹತ್ತಾರು ಫೋಟೊ ತೆಗೆಯಿರಿ. ಒದ್ದೆ ಬಟ್ಟೆಯನ್ನಂತೂ ಮುಟ್ಟಿಸಲೇಬೇಡಿ. ನಾನು ಹಾಗೆ ಒರೆಸಿ ವರ್ಷದ ಅಂಕಿಯನ್ನೇ ಅಳಿಸಿದ್ದೇನೆ.

ಫೋಟೊವನ್ನು ಅನುವಾದದ ಆ್ಯಪ್‌ಗೆ ಕೊಟ್ಟಾಗ ಅರ್ಥವಿಲ್ಲದ್ದೇನೋ ಬಂದರೆ ಖುಷಿಪಡಿ. ಯುದ್ಧಕ್ಕೆ ಮೊದಲು ಜಪಾನಿನಲ್ಲಿ ಅಡ್ಡಸಾಲನ್ನು ಬಲದಿಂದ ಎಡಕ್ಕೆ ಬರೆಯುವುದೇ ಜಾಸ್ತಿ. ಅಕ್ಷರಗಳನ್ನು ಹಿಂದುಮುಂದು ಮಾಡಿದಾಗ ಹೆಸರು ಸರಿ ಬಂತೇ? ಹಾಗಾದರೆ ನಿಮ್ಮ ವಾದ್ಯ ಬಹುಶಃ 1945ಕ್ಕಿಂತ ಹಳೆಯದು. ವರ್ಷ ಸಾಮ್ರಾಟರ ಆಳ್ವಿಕೆಯ ಲೆಕ್ಕದಲ್ಲಿದ್ದರೆ (ತೈಶೋ, ಶೋವಾ ಅಂಥ ಕಾಲಗಳ ಹೆಸರು) ಆ ಅಂಕಿಗೆ ಕೂಡಿಸಿ: ತೈಶೋಗೆ 1911, ಶೋವಾಗೆ 1925. ಶೋವಾ 38 ಅಂದರೆ 1963. ಶೋವಾ ಗುರುತಿಸುವುದು ಸುಲಭ: ಮೊದಲ ಅಕ್ಷರದ ಎಡಕ್ಕೆ ನಡುವೆ ಗೆರೆ ಎಳೆದ ಪೆಟ್ಟಿಗೆ, ಎರಡನೆಯದರ ಬಲಕ್ಕೆ ಖಾಲಿ ಪೆಟ್ಟಿಗೆ.

ಚೀಟಿಯಲ್ಲಿ ಸುಜುಕಿ ಅಂತಿದ್ದರೆ ಅವಸರ ಬೇಡ. ಕಾರು, ಬೈಕಿನ ಸುಜುಕಿ ಅಲ್ಲ, ಅದು ಬೇರೆಯೇ. ಹಮಾಮತ್ಸುವಿನಲ್ಲಿ ಹಾರ್ಮೋನಿಕಾ, ಮೆಲೋಡಿಕಾ ಮಾಡುವ ಸುಜುಕಿಯೂ ಬೇರೆ. ನಿಮಗೆ ಬೇಕಾದದ್ದು ನಗೋಯಾದ ಸುಜುಕಿ ವಯೊಲಿನ್. ಮಸಾಕಿಚಿ ಸುಜುಕಿ ಕಟ್ಟಿದ ಕಂಪನಿ ಅದು, ಮ್ಯಾಂಡೊಲಿನ್ ಕೂಡ ಮಾಡುತ್ತಿತ್ತು. ಮಕ್ಕಳಿಗೆ ವಯೊಲಿನ್ ಕಲಿಸುವ ‘ಸುಜುಕಿ ವಿಧಾನ’ದ ಶಿನಿಚಿ ಈ ಮಸಾಕಿಚಿಯ ಮಗ. ನಗಾನೊ ಪ್ರಾಂತ್ಯದ ಕಿಸೊ ಸುಜುಕಿ ಎಂಬ ಇನ್ನೊಂದು ಕಂಪನಿಯೂ ಇತ್ತು. ಆದ್ದರಿಂದ ಹೆಸರಿಗಿಂತ ಊರನ್ನು ಮೊದಲು ಓದಿ. ಅಂದಹಾಗೆ, ನಮ್ಮ ಬುಲ್‌ಬುಲ್ ತರಂಗದ ಮೂಲವಾದ ತೈಶೋಗೊಟೊ ಹುಟ್ಟಿದ್ದೂ ಇದೇ ನಗೋಯಾದಲ್ಲಿ, 1912ರಲ್ಲಿ.

ಇಂಗ್ಲಿಷ್ ಮುದ್ರೆ ಇದ್ದರೆ ಕೆಲಸ ಹಗುರ. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ 1891ರಿಂದ ದೇಶದ ಹೆಸರು ಕಡ್ಡಾಯವಾಗಿತ್ತು. 1921ರವರೆಗೆ ‘ನಿಪ್ಪಾನ್’ (ಜಪಾನಿಗೆ ಜಪಾನಿ ಭಾಷೆಯ ಹೆಸರು) ನಡೆಯುತ್ತಿತ್ತು, ಆಮೇಲೆ ‘ಜಪಾನ್’ ಎಂದೇ ಹಾಕಬೇಕಿತ್ತು. ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಅಂತಿದ್ದರೆ ಯುದ್ಧದ ನಂತರ ಅಮೆರಿಕದ ಸೇನೆ ಅಲ್ಲಿ ಆಳುತ್ತಿದ್ದ ಕಾಲದ್ದು, 1952ಕ್ಕೆ ಮುಂಚಿನದು.

ಬಿರಡೆಯ ಗೇರು ನೋಡಿ ಕಾಲ ಹೇಳುವವರನ್ನು ನಂಬಬೇಡಿ. ಮೊದಲು ಬದಲಾಗುವುದೇ ಅದು. ಪೀಠೋಪಕರಣದ ಪಾಲಿಶ್ ಸ್ಪ್ರೇ ಹೊಡೆದು ‘ಮುದ್ರೆ ಕಾಣುತ್ತೆ’ ಅನ್ನುವವರನ್ನಂತೂ ಹತ್ತಿರ ಸೇರಿಸಬೇಡಿ.

ಚೀಟಿಯೇ ಇಲ್ಲವೇ? ಒಳಗಿನ ಮರದ ಮೇಲೆ ಸುತ್ತಲಿಗಿಂತ ತಿಳಿಯಾದ ಚೌಕ ಇದೆಯಾ ನೋಡಿ. ಇದ್ದರೆ ಅಲ್ಲೊಂದು ಚೀಟಿ ಇತ್ತು, ಬಿದ್ದುಹೋಗಿದೆ. ವಾದ್ಯದ ಪೆಟ್ಟಿಗೆಯ ಅಸ್ತರಿನ ಕೆಳಗೂ ಒಮ್ಮೆ ಕೈಯಾಡಿಸಿ. ಸಿಕ್ಕರೆ ಮತ್ತೆ ಅಂಟಿಸಲು ಹೋಗಬೇಡಿ, ಲಕೋಟೆಗೆ ಹಾಕಿ ಪೆಟ್ಟಿಗೆಯಲ್ಲೇ ಇಡಿ.