ಕಲಬುರಗಿಯ ರಸ್ತೆಗೆ 28ರ ಟೈರ್: ನನ್ನ ಅನುಭವ

ರೋಡ್ ಬೈಕಿಗೆ, ಅಂದರೆ ಡಾಂಬರಿನ ಮೇಲೆ ವೇಗವಾಗಿ ಓಡಿಸುವ ತೆಳು ಟೈರಿನ ಸೈಕಲ್ಲಿಗೆ, 28 ಮಿಲಿಮೀಟರ್ ಅಗಲದ ಟೈರ್ ಹಾಕಿದರೆ ವೇಗ ಸತ್ತೇ ಹೋಗುತ್ತದೆ ಎಂದು ನಮ್ಮ ಬೆಳಗಿನ ಸವಾರಿಯ ಗೆಳೆಯರಲ್ಲಿ ಹೆಚ್ಚಿನವರು ಬಹಳ ದಿನ ವಾದಿಸಿದರು. ಸೇಡಂ ರಸ್ತೆಯ ಚಹಾದಂಗಡಿಯಲ್ಲಿ ನನ್ನ ಸೈಕಲ್ ಕಂಡ ಕಿರಿಯನೊಬ್ಬ "ಅಣ್ಣಾ, ಟ್ರ್ಯಾಕ್ಟರ್ ಟೈರ್ ಯಾಕ್ ಹಾಕೀರಿ?" ಎಂದು ಎಲ್ಲರೆದುರು ಕೇಳಿದ್ದ. ಈಗ ಅವನೂ ಸೇರಿ ಹಲವರು ನನ್ನಿಂದ ಅಳತೆ ಕೇಳಿ ಪಡೆದು ಟೈರ್ ಬದಲಾಯಿಸಿಕೊಂಡಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುತ್ತಾ ಕೂರುವ ಬದಲು, ಎಷ್ಟು ಹಣ ಹೋಯಿತು, ಯಾವುದು ಕೈಕೊಟ್ಟಿತು, ಕೊನೆಗೆ ಯಾವುದು ನಿಂತಿತು ಎಂಬುದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಹೆಚ್ಚಾಗಿ ಹೋಗುವುದು ಕಲಬುರಗಿಯಿಂದ ಮಳಖೇಡದವರೆಗೆ, ಹೋಗಿಬರಲು ಸುಮಾರು 80 ಕಿಲೋಮೀಟರ್. ಸಿಮೆಂಟ್ ಮತ್ತು ಸುಣ್ಣದಕಲ್ಲು ಹೊತ್ತ ಲಾರಿಗಳು ಓಡಾಡುವ ಆ ಭಾಗದ ರಸ್ತೆಯನ್ನು ನೀವೆಲ್ಲ ಬಲ್ಲಿರಿ. ಕೆಳಗೆ ಎರೆಮಣ್ಣು, ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಒಣಗಿ ಬಿರಿದು ಕುಗ್ಗುವ ಆ ಮಣ್ಣಿನ ಮೇಲೆ ಡಾಂಬರು ಎಷ್ಟು ಚೆನ್ನಾಗಿ ಹಾಕಿದರೂ ಕೆಲವೇ ವರ್ಷಗಳಲ್ಲಿ ಅಲೆ ಅಲೆಯಾಗಿ ಏಳುತ್ತದೆ. ರಸ್ತೆಯ ಅಂಚಿನಲ್ಲಿ ಜಲ್ಲಿ ಎದ್ದು ನಿಂತಿರುತ್ತದೆ. ಟೈರ್ ಕಂಪನಿಯವರು ನುಣುಪಾದ ಉರುಳೆಯ ಮೇಲೆ ಓಡಿಸಿ ಕೊಡುವ ಅಂಕಿಗಳು ಇಂಥ ರಸ್ತೆಗೆ ಅರ್ಧ ಮಾತ್ರ ಹೊಂದುತ್ತವೆ, ಏಕೆಂದರೆ ಇಲ್ಲಿ ಶಕ್ತಿ ಸೋರುವುದು ಟೈರಿನ ರಬ್ಬರಿನಲ್ಲಿ ಮಾತ್ರವಲ್ಲ, ಪ್ರತಿ ಕುಲುಕಿಗೂ ಮೇಲೇರಿ ಕೆಳಗಿಳಿಯುವ ಸವಾರನ ಮೈಯಲ್ಲೂ ಸೋರುತ್ತದೆ.

ಸೈಕಲ್ ಜೊತೆ ಬಂದದ್ದು 23ರ ಟೈರ್. ಅದನ್ನು ಗಾಳಿಯ ಒತ್ತಡದ ಅಳತೆಯಲ್ಲಿ 110 ಪಿಎಸ್‌ಐಗೆ ತುಂಬಿ ಓಡಿಸಿದಷ್ಟು ಕಾಲ ರಿಮ್ಮಿನ ಬೆಂಡ್ ತೆಗೆಸುವುದೇ ಕೆಲಸವಾಗಿತ್ತು. ಒಮ್ಮೆ ಬೆಂಡ್ ತೆಗೆಸಲು 150ರಿಂದ 200 ರೂಪಾಯಿ, ಜೊತೆಗೆ ಟ್ಯೂಬಿಗೆ 350ರ ಆಸುಪಾಸು. ಗುಂಡಿಯ ಅಂಚಿಗೆ ಬಡಿದಾಗಲೆಲ್ಲ ಟ್ಯೂಬಿನಲ್ಲಿ ಜೋಡಿ ತೂತು ಬೀಳುತ್ತಿತ್ತು. ಬಳಿಕ 25ರ ಜೋಡಿ ಹಾಕಿದೆ, ಒಂದಕ್ಕೆ 1,500ರಂತೆ. ತೂತುಗಳು ಕಡಿಮೆಯಾದವು, ಆದರೆ ನೂರು ಪಿಎಸ್‌ಐಗಿಂತ ತೀರಾ ಕೆಳಗಿಳಿಸಿದರೆ ಹಿಂದಿನ ರಿಮ್ ಮತ್ತೆ ಏಟು ತಿನ್ನುತ್ತಿತ್ತು. ಮಳಖೇಡದಿಂದ ಹಿಂತಿರುಗುವ ಹೊತ್ತಿಗೆ ಅಂಗೈ ಜೋಮು ಹಿಡಿಯುವುದು ಹಾಗೇ ಉಳಿಯಿತು.

ಅಲ್ಲಿಂದ ನೇರವಾಗಿ 32ಕ್ಕೆ ಜಿಗಿದೆ. ಹೈದರಾಬಾದಿಗೆ ಹೋದ ಪರಿಚಿತರೊಬ್ಬರ ಕೈಯಲ್ಲಿ ತರಿಸಿದ, ದಪ್ಪ ಪದರವಿದ್ದ, ಒಂದೊಂದೂ ಅರ್ಧ ಕಿಲೋಗಿಂತ ಭಾರವಾದ ಟೈರುಗಳವು. ಹಿಂದಿನ ಚಕ್ರದ ಎರಡೂ ಬದಿಯ ಫ್ರೇಮ್ ಕೊಳವೆಗಳ (ಚೈನ್ ಸ್ಟೇ) ನಡುವೆ ಜಾಗ ಸಾಕಷ್ಟಿತ್ತು. ಅಡ್ಡ ಬಂದದ್ದು ಟೈರಿನ ಮೇಲೆ ಹಾಯ್ದು ರಿಮ್ಮನ್ನು ಹಿಡಿಯುವ ಬ್ರೇಕಿನ ಕಮಾನು. ನನ್ನದು ಚಿಕ್ಕ ರೀಚಿನ ಕ್ಯಾಲಿಪರ್ ಬ್ರೇಕ್, ಅಂದರೆ ಅದನ್ನು ಕೂರಿಸಿದ ಬೋಲ್ಟಿನಿಂದ ಪ್ಯಾಡಿನವರೆಗಿನ ದೂರ 39ರಿಂದ 49 ಮಿಮೀ. ಟೈರ್ ತಿರುಗುತ್ತಿತ್ತು, ಮುಟ್ಟುತ್ತಿರಲಿಲ್ಲ, ಆದರೆ ನಡುವೆ ಉಳಿದ ಸಂದು ಒಂದೂವರೆ ಮಿಮೀ ಇತ್ತೋ ಇಲ್ಲವೋ. ಜೂನ್ ತಿಂಗಳ ಮೊದಲ ಮಳೆಗೆ ಶಹಾಬಾದ್ ಕಡೆಯ ಹೊಲದ ದಾರಿಯಲ್ಲಿ ನೂರು ಮೀಟರ್ ಹೋಗುವಷ್ಟರಲ್ಲಿ ಎರೆಮಣ್ಣು ಕಮಾನಿನ ಕೆಳಗೆ ತುಂಬಿಕೊಂಡು ಚಕ್ರ ನಿಂತೇಬಿಟ್ಟಿತು. ಅಲ್ಲಿಂದ ಸೈಕಲನ್ನು ಹೆಗಲ ಮೇಲೆ ಹೊತ್ತು ಡಾಂಬರಿಗೆ ಬಂದೆ. ಆ ಜೋಡಿಯನ್ನು ಅರ್ಧ ಬೆಲೆಗೆ, ಡಿಸ್ಕ್ ಬ್ರೇಕ್ ಸೈಕಲ್ ಇರುವ ಒಬ್ಬರಿಗೆ ಕೊಟ್ಟೆ. ಅವರ ಸೈಕಲ್ಲಿಗೆ ಅದು ಇಂದಿಗೂ ಚೆನ್ನಾಗಿ ಒಪ್ಪಿದೆ. 57 ಮಿಮೀವರೆಗೆ ತಲುಪುವ ಉದ್ದ ಕ್ಯಾಲಿಪರ್ ಇದ್ದವರೂ 32 ಹಾಕಬಹುದು, ಆದರೆ ಅದಕ್ಕೆ ಫ್ರೇಮೂ ಫೋರ್ಕೂ ಹೊಂದಿರಬೇಕು. ಬ್ರೇಕ್ ಒಂದನ್ನೇ ಬದಲಿಸಿದರೆ ಪ್ಯಾಡು ರಿಮ್ಮಿನ ಮೇಲೆ ಕೂರುವುದಿಲ್ಲ.

ಅಂದಿನಿಂದ ನಾನು ಇಟ್ಟುಕೊಂಡಿರುವ ನಿಯಮ ಇಷ್ಟು: ಟೈರಿನ ಸುತ್ತ ಎಲ್ಲಿಯೂ 4 ಮಿಮೀಗಿಂತ ಕಡಿಮೆ ಸಂದು ಇರಬಾರದು. ಅಳೆಯಲು ಬೇರೆ ಉಪಕರಣ ಬೇಕಿಲ್ಲ. ಗಾಳಿ ಪೂರ್ತಿ ತುಂಬಿದ ಟೈರಿಗೂ ಕಮಾನಿಗೂ ನಡುವೆ 4 ಮಿಮೀ ಅಲೆನ್ ಕೀ ತಡೆಯಿಲ್ಲದೆ ಹಾಯಬೇಕು. ಟೈರ್ ಪಕ್ಕದಲ್ಲಿ ಅಚ್ಚಾದ ಸಂಖ್ಯೆಯನ್ನು ನಂಬಿ ಕೊಳ್ಳಬಾರದು, ಏಕೆಂದರೆ ಅಗಲವನ್ನು ನಿಜವಾಗಿ ತೀರ್ಮಾನಿಸುವುದು ರಿಮ್ಮಿನ ಒಳ ಅಗಲ. ಒಂದೇ 28ರ ಟೈರ್ ನನ್ನ ಹಳೆಯ 15 ಮಿಮೀ ಒಳ ಅಗಲದ ರಿಮ್ಮಿನಲ್ಲಿ ವರ್ನಿಯರ್ ಹಿಡಿದಾಗ 27ರ ಹತ್ತಿರ ಬಂತು, ಈಗಿನ 17ರ ರಿಮ್ಮಿನಲ್ಲಿ 28ಕ್ಕೆ ಮುಟ್ಟಿತು, ಗೆಳೆಯನ 19ರ ರಿಮ್ಮಿನಲ್ಲಿ 29ರ ಸಮೀಪಕ್ಕೆ ಹೋಯಿತು. ಹೊಸ ಟೈರ್ ಒಂದು ವಾರ ಗಾಳಿಯಲ್ಲಿ ನಿಂತ ಮೇಲೆ ಇನ್ನೂ ಸ್ವಲ್ಪ ಹಿಗ್ಗುತ್ತದೆ. ಅದಕ್ಕೂ ಜಾಗ ಬಿಟ್ಟುಕೊಳ್ಳಬೇಕು.

ಹೀಗೆ ಅಳೆದು 28ಕ್ಕೆ ಬಂದರೂ ಮೊದಲ ಜೋಡಿ ಫಲ ಕೊಡಲಿಲ್ಲ. ಅದು ಪಂಕ್ಚರ್ ತಡೆಯುವ ಗಟ್ಟಿ ಪದರದ, ತಂತಿ ಅಂಚಿನ ಟೈರ್. 90 ಪಿಎಸ್‌ಐಗೆ ತುಂಬಿದರೆ 25ಕ್ಕಿಂತ ಹೆಚ್ಚು ಕುಲುಕಿತು. 70ಕ್ಕೆ ಇಳಿಸಿದರೆ ಟೈರಿನ ಪಕ್ಕದ ಗೋಡೆ ಮಡಚಲು ಒಲ್ಲದೆ ಎಳೆದಂತೆ ಓಡಿತು. ಟ್ರ್ಯಾಕ್ಟರಿನ ಮಾತು ಬಂದದ್ದು ಆ ದಿನಗಳಲ್ಲೇ. ಆ ಟೈರ್ ಕುರಿತು ಗೆಳೆಯರು ಆಡಿದ ಮಾತು ಸರಿಯಾಗಿತ್ತು, ಆದರೆ ಅವರು ದೂರಿದ್ದು ಅಗಲವನ್ನು. ದೂರಬೇಕಾದದ್ದು ಆ ಗಟ್ಟಿ ಮೈಯನ್ನು. ಮಡಚಬಹುದಾದ ಅಂಚಿನ, ಮೃದು ಮೈಯ, ನಡುವೆ ಮಾತ್ರ ತೆಳು ರಕ್ಷಣಾ ಪಟ್ಟಿಯಿರುವ 28ರ ಜೋಡಿಗೆ ಒಂದಕ್ಕೆ ಸುಮಾರು 2,800 ಕೊಟ್ಟಾಗ ಮನೆಯಲ್ಲಿ ಮಾತು ಕೇಳಬೇಕಾಯಿತು. ಅದೇ ಜೋಡಿ ಇಂದಿಗೂ ಓಡುತ್ತಿದೆ.

ಒತ್ತಡ ಗೊತ್ತುಮಾಡುವುದಕ್ಕೆ ನಾನು ಹಿಡಿದ ದಾರಿ ನಮ್ಮ ಊರಿನದೇ. ಸೈಕಲ್ ಮೇಲೆ ಕುಳಿತಾಗ ಯಾವ ಚಕ್ರದ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ತಿಳಿಯದೆ ಪಿಎಸ್‌ಐ ಹೇಳುವುದು ಊಹೆಯಷ್ಟೇ. ಪರಿಚಯದವರ ದಾಲ್ ಮಿಲ್ಲಿನಲ್ಲಿ ತೊಗರಿ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ ಮೇಲೆ ಒಂದು ಚಕ್ರ ಇಟ್ಟು, ಇನ್ನೊಂದರ ಕೆಳಗೆ ಅಷ್ಟೇ ಎತ್ತರಕ್ಕೆ ಶಹಾಬಾದ್ ಕಲ್ಲಿನ ಫರಸಿಗಳನ್ನು ಪೇರಿಸಿ, ಗೋಡೆಗೆ ಮೊಣಕೈ ತಾಗಿಸಿ, ಕೈಗಳನ್ನು ಎಂದಿನ ಸವಾರಿಯ ಜಾಗದಲ್ಲೇ ಇಟ್ಟು ತೂಗಿಸಿಕೊಂಡೆ. ಮುಂದೆ 36 ಕಿಲೋ, ಹಿಂದೆ 49ರ ಆಸುಪಾಸು, ಒಟ್ಟು 85. ಭಾರ ಬಿದ್ದಾಗ ಟೈರಿನ ಎತ್ತರ ಶೇಕಡಾ 15ರಷ್ಟು ಕುಸಿಯಬೇಕು ಎಂಬ, ಸೈಕಲ್ ತಂತ್ರದ ಬಗ್ಗೆ ಬರೆಯುತ್ತಿದ್ದ ಅಮೆರಿಕದ ಫ್ರಾಂಕ್ ಬರ್ಟೊ ಹೆಸರಿನಲ್ಲಿ ಪ್ರಚಲಿತವಾದ ಲೆಕ್ಕವನ್ನು ಅಲ್ಲಿಂದ ಮುಂದಕ್ಕೆ ಬಳಸಿದೆ. 28ಕ್ಕೆ ಅದು ಸುಮಾರು 4 ಮಿಮೀ. ನಾನು ಸೈಕಲ್ ಮೇಲೆ ಕುಳಿತಿದ್ದಾಗ ಮಗಳು ನೆಲದಿಂದ ರಿಮ್ಮಿನ ಅಂಚಿನವರೆಗೆ ವರ್ನಿಯರ್ ಹಿಡಿದು ಅಳೆದಳು. ನಾನು ಇಳಿದ ಮೇಲೆ ಮತ್ತೆ ಅಳೆದಳು. ಹಿಂದೆ 80ರ ಹತ್ತಿರ, ಮುಂದೆ 65ರ ಹತ್ತಿರ ಲೆಕ್ಕ ಕೂಡಿತು. ನಮ್ಮ ರಸ್ತೆಗೆ ಅದಕ್ಕಿಂತಲೂ ಸ್ವಲ್ಪ ಇಳಿಸುವುದು ಒಳ್ಳೆಯದೆಂದು ಓಡಿಸಿ ಓಡಿಸಿ ಕಂಡುಕೊಂಡು, ಈಗ ಹಿಂದೆ 75, ಮುಂದೆ 62ಕ್ಕೆ ನಿಂತಿದ್ದೇನೆ. ಎರಡೂ ಚಕ್ರಕ್ಕೆ ಒಂದೇ ಒತ್ತಡ ತುಂಬುವ ಅಭ್ಯಾಸವನ್ನು ಇನ್ನೂ ಬಿಡದವರು ಮುಂದಿನದನ್ನು ಹತ್ತು ಪಿಎಸ್‌ಐ ಇಳಿಸಿ ಒಂದು ದಿನ ಓಡಿಸಿ ನೋಡಲಿ. ಅಂಗೈಯೇ ಉತ್ತರ ಹೇಳುತ್ತದೆ.

ವೇಗದ ವಾದ ಮುಗಿಸಲು ರೈಲ್ವೆ ಮೇಲ್ಸೇತುವೆಯ ಇಳಿಜಾರಿನಲ್ಲಿ ಪರೀಕ್ಷೆ ಮಾಡಿದೆವು. ಗಾಳಿ ಬೀಸುವ ಮೊದಲು, ಬೆಳಗಿನ ಐದೂವರೆಗೆ, ಸುಣ್ಣದಲ್ಲಿ ಗೆರೆ ಎಳೆದು, ಒಂದೇ ಸವಾರ, ಒಂದೇ ಸೈಕಲ್, ಪೆಡಲ್ ಒತ್ತದೆ ಬಿಟ್ಟು, ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕುವುದು. ಇಳಿಜಾರು ಮುಗಿದ ಮೇಲೆ ಒರಟು ಡಾಂಬರಿನ ಬದಿಯಲ್ಲಿ, 75ಕ್ಕೆ ತುಂಬಿದ 28ರ ಟೈರು 100ಕ್ಕೆ ತುಂಬಿದ 25ಕ್ಕಿಂತ ಹತ್ತು ಹದಿನೈದು ಮೀಟರ್ ಮುಂದೆ ಹೋಗಿ ನಿಂತಿತು. ಕಾಂಕ್ರೀಟ್ ಬದಿಯಲ್ಲಿ ಮಾಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಅಗಲ ಟೈರು ನುಣುಪು ರಸ್ತೆಯಲ್ಲಿ ನಮಗೆ ಏನನ್ನೂ ಕಳೆಯಲಿಲ್ಲ, ಒರಟು ರಸ್ತೆಯಲ್ಲಿ ಗಳಿಸಿಕೊಟ್ಟಿತು. ಅಗಲವಾದರೆ ಗಾಳಿಗೆ ಅಡ್ಡವಾಗುತ್ತದೆ ಎಂಬ ಮಾತು ಗಂಟೆಗೆ 45 ಕಿಲೋಮೀಟರಿನಲ್ಲಿ ಓಡುವವರಿಗೆ ತೂಕದ ಮಾತು. 26-27ರಲ್ಲಿ ಹೋಗುವ ನಮಗಲ್ಲ. ಆ ವೇಗದ ವೃತ್ತಿಪರರೇ 23ನ್ನು ಬಿಟ್ಟು 28ಕ್ಕೆ ಬಂದು ವರ್ಷಗಳಾದವು, ಫ್ರಾನ್ಸಿನ ಪ್ಯಾರಿಸ್-ರೂಬೆ ಸೈಕಲ್ ರೇಸಿನ ಕಲ್ಲುಹಾಸಿನಲ್ಲಂತೂ 30, 32 ಹಾಕುತ್ತಾರೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಟೈರ್ ಬದಲಿಸಿದ ಗೆಳೆಯರೊಬ್ಬರು ಮೊದಲ ದಿನವೇ ವೇಗ ಬಿದ್ದಿತೆಂದು ದೂರಿದರು. ವೇಗ ತೋರಿಸುವ ಅವರ ಮೀಟರಿನಲ್ಲಿ ಚಕ್ರದ ಸುತ್ತಳತೆ 23ರದೇ ಆಗಿ, 2096 ಮಿಮೀ ಎಂದೇ ಉಳಿದಿತ್ತು. 28ಕ್ಕೆ ಅದು 2136. ಅಂದರೆ ಮೀಟರು ಶೇಕಡಾ ಎರಡರಷ್ಟು ಕಡಿಮೆ ತೋರಿಸುತ್ತಿತ್ತು, 26ರಲ್ಲಿ ಹೋದರೆ ಇಪ್ಪತ್ತೈದೂವರೆ. ಅಂಕಿ ತಿದ್ದಿದ ಮೇಲೆ ದೂರು ನಿಂತಿತು.

ಬಿಸಿಲಿಗೆ ಬೇರೆಯೇ ಲೆಕ್ಕವಿದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42-43 ಡಿಗ್ರಿ ಸಾಮಾನ್ಯ, ಡಾಂಬರು ಅದಕ್ಕಿಂತ ಬಹಳ ಕಾಯುತ್ತದೆ. ಒಳಗಿನ ಗಾಳಿ 25 ಡಿಗ್ರಿ ಏರಿದರೆ ಒತ್ತಡ ಏಳೆಂಟು ಪಿಎಸ್‌ಐ ಹೆಚ್ಚುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಬೆಳಿಗ್ಗೆ ತುಂಬುವಾಗಲೇ ನಾಲ್ಕೈದು ಕಡಿಮೆ ತುಂಬಿ ಹೊರಡುತ್ತೇನೆ. ಟ್ಯೂಬಿನೊಳಗೆ ತೂತನ್ನು ತಾನೇ ಮುಚ್ಚುವ ಸೀಲೆಂಟ್ ದ್ರವ ಹಾಕಿಯೂ ನೋಡಿದೆ. ಒಳಗಿನ ತಿರುಳು ಬಿಚ್ಚಬಹುದಾದ, ಪ್ರೆಸ್ಟಾ ಎಂಬ ತೆಳು ವಾಲ್ವಿನ ಮೂಲಕ ಹಾಕಿದ ಆ ದ್ರವ ಚಳಿಗಾಲದಲ್ಲಿ ಚೆನ್ನಾಗಿ ಕೆಲಸ ಮಾಡಿತು, ಬೇಸಿಗೆ ಬಂದ ಮೇಲೆ ಎರಡು ತಿಂಗಳೊಳಗೆ ಒಣಗಿ ಉಂಡೆಯಾಗಿ ವಾಲ್ವನ್ನೇ ಕಟ್ಟಿತು. ಬಾಟಲಿಗೆ ಕೊಟ್ಟ ಐನೂರು ಚಿಲ್ಲರೆ ರೂಪಾಯಿಗೆ ಅಷ್ಟೇ ಆಯುಷ್ಯ.

ಮುಳ್ಳಿನ ಮಾತಿಗೆ ಬಂದರೆ, ಅಗಲ ಟೈರು ಜಾಲಿ ಮುಳ್ಳನ್ನು ತಡೆಯುವುದಿಲ್ಲ. ಜೋಡಿ ತೂತು ಪೂರ್ತಿ ನಿಂತಿತು, ಮುಳ್ಳಿನ ತೂತು ನಿಲ್ಲಲಿಲ್ಲ. ಮೃದು ಮೈಯ ಟೈರಿನಲ್ಲಿ ಅದಕ್ಕೆ ನಾನು ಮಾಡಿಕೊಂಡಿರುವ ಉಪಾಯ, ಸವೆದ ಹಳೆಯ ಟೈರಿನ ಒಂದು ಭಾಗವನ್ನು ಪಟ್ಟಿಯಾಗಿ ಕತ್ತರಿಸಿ ಹಿಂದಿನ ಟೈರಿನೊಳಗೆ ಹಾಸುವುದು. ಎಲ್ಲರೂ ಇದನ್ನು ಮಾಡಿ ನೋಡಿ, ಪಟ್ಟಿಯ ಅಂಚು ಟ್ಯೂಬನ್ನು ತಿಂದಿತೆಂದು ಕೈಬಿಡುತ್ತಾರೆ. ನನ್ನ ಟ್ಯೂಬನ್ನು ಅದು ತಿಂದಿಲ್ಲ. ಯಾವ ಭಾಗವನ್ನು ಕತ್ತರಿಸುತ್ತೇನೆ, ಅಂಚನ್ನು ಹೇಗೆ ಸವೆಸುತ್ತೇನೆ ಎಂಬುದನ್ನು ಬಹಳ ಟ್ಯೂಬು ಕಳೆದುಕೊಂಡು ಕಲಿತದ್ದರಿಂದ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮನೆಗೆ ಬಂದವರಿಗೆ ಬಿಚ್ಚಿ ತೋರಿಸಲು ಅಡ್ಡಿಯಿಲ್ಲ.

ಈಗ ಮಳಖೇಡಕ್ಕೆ ಹೋಗಿಬರಲು ಮೊದಲಿಗಿಂತ ಹತ್ತು ನಿಮಿಷ ಕಡಿಮೆ ಸಾಕು, ಮೂರು ಗಂಟೆ ಇಪ್ಪತ್ತು ನಿಮಿಷವಿದ್ದದ್ದು ಮೂರು ಹತ್ತಕ್ಕೆ ಬಂದಿದೆ. ಅದಕ್ಕಿಂತ ಮುಖ್ಯವಾಗಿ, ಹುಮನಾಬಾದ್ ದಾಟಿ ಬೀದರ್ ಕೋಟೆಯವರೆಗೆ 110 ಕಿಲೋಮೀಟರಿಗೂ ಹೆಚ್ಚು ದೂರ ಹೋದ ದಿನ, ಸದಾ ಮುಂದಿರುತ್ತಿದ್ದ 25ರ ಟೈರಿನ ಸವಾರರು ಕೊನೆಯ ಮೂವತ್ತು ಕಿಲೋಮೀಟರಿನಲ್ಲಿ ನನ್ನ ಹಿಂದೆ ಉಳಿದರು.

ಹಣದ ವಿಷಯದಲ್ಲಿ ಟೈರಿನ ಮೇಲೆ ಉಳಿತಾಯ ಕಡಿಮೆಯೇ. 25ರ ಜೋಡಿಯಲ್ಲಿ ಹಿಂಚಕ್ರದ ಟೈರು ಎರಡೂವರೆ ಸಾವಿರ ಕಿಲೋಮೀಟರಿಗೆ ಮುಗಿಯುತ್ತಿತ್ತು, ಅಂದರೆ ಕಿಲೋಮೀಟರಿಗೆ ಅರವತ್ತು ಪೈಸೆ. 2,800ರ ಈ ಟೈರು ಐದು ಸಾವಿರ ದಾಟಿದೆ, ಇನ್ನೂ ಸಾವಿರವಾದರೂ ಓಡುತ್ತದೆ. ಉಳಿಯುವ ಹಣ ಇರುವುದು ಟ್ಯೂಬಿನಲ್ಲಿ ಮತ್ತು ರಿಮ್ಮಿನಲ್ಲಿ: ಈ ಜೋಡಿ ಹಾಕಿದ ಮೇಲೆ ಬೆಂಡ್ ತೆಗೆಸಲು ಅಂಗಡಿಗೆ ಹೋಗಿಲ್ಲ. ಹಿಂದಿನದು ಸವೆದಾಗ ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದೊಂದನ್ನೇ ಕೊಂಡು ಮುಂದಕ್ಕೆ ಹಾಕುತ್ತೇನೆ. ಟೈರ್ ತರಿಸಬೇಕೆಂದಿರುವವರು ರಿಮ್ಮಿನ ಒಳ ಅಗಲ, ಬ್ರೇಕ್ ಕಮಾನಿನ ಕೆಳಗಿನ ಸಂದು, ಎರಡೂ ಚಕ್ರದ ಮೇಲಿನ ಭಾರ, ಈ ಮೂರನ್ನು ಬರೆದುಕೊಂಡು ಬರಲಿ. ಪಿಎಸ್‌ಐ ನಾನು ಹೇಳುತ್ತೇನೆ.