ಸ್ಯಾಂಟೋಸ್ ಕೊಳ್ಳಲು ದುಡ್ಡೊಂದಿದ್ದರೆ ಸಾಲದು: ಆಸ್ಟ್ರೇಲಿಯಾದ ಕನ್ನಡಿಗರಿಗೆ

ಇಲ್ಲಿ ಮನೆ ಕೊಳ್ಳಲು ಓಡಾಡಿದ್ದರೆ ಎಫ್‌ಐಆರ್‌ಬಿ ಅನ್ನುವ ಹೆಸರು ಕೇಳಿಯೇ ಇರುತ್ತೀರಿ. ಟೆಂಪರರಿ ವೀಸಾದವರು ಹಳೆ ಮನೆ ಕೊಳ್ಳದಂತೆ 2025ರ ಏಪ್ರಿಲ್ 1ರಿಂದ ತಡೆ ಬಂತಲ್ಲ, ಆಗಲೂ ಕೇಳಿಬಂದ ಹೆಸರು ಅದೇ, ವಿದೇಶಿ ಹೂಡಿಕೆ ಪರಿಶೀಲನಾ ಮಂಡಳಿ. ನಿಮ್ಮ ಮನೆ ಅರ್ಜಿಯನ್ನೂ ಸ್ಯಾಂಟೋಸ್‌ನಂಥ ಸಾವಿರಾರು ಕೋಟಿಯ ಗ್ಯಾಸ್ ಕಂಪನಿಯನ್ನು ವಿದೇಶಿಯರಿಗೆ ಮಾರುವುದನ್ನೂ ನೋಡುವುದು ಒಂದೇ ಕಾನೂನು, 1975ರದ್ದು.

ಮಂಡಳಿ ಕೊಡುವುದು ಬರೀ ಸಲಹೆ. ಆಗಲಿ ಅಥವಾ ಬೇಡ ಅನ್ನುವ ಅಧಿಕಾರ ಇರುವುದು ಕೇಂದ್ರದ ಟ್ರೆಷರರ್‌ಗೆ, ಅಂದರೆ ನಮ್ಮ ಲೆಕ್ಕದಲ್ಲಿ ಹಣಕಾಸು ಸಚಿವರಿಗೆ. ಅವರು ಮುಖ್ಯವಾಗಿ ಕೇಳುವ ಪ್ರಶ್ನೆ: ಇದು ದೇಶದ ಹಿತಕ್ಕೆ ವಿರುದ್ಧವೇ? ಈ 'ದೇಶದ ಹಿತ' ಏನು ಅಂತ ಕಾನೂನು ಬಿಡಿಸಿ ಹೇಳಿಲ್ಲ, ಬೇಕಂತಲೇ ಸಡಿಲ ಬಿಟ್ಟಿದ್ದಾರೆ. 2001ರಲ್ಲಿ ಶೆಲ್ ಕಂಪನಿ ಪರ್ತ್‌ನ ಗ್ಯಾಸ್ ಕಂಪನಿ ವುಡ್‌ಸೈಡನ್ನು ಕೈಗೆ ತೆಗೆದುಕೊಳ್ಳಲು ಬಂದಾಗ ಆಗಿನ ಟ್ರೆಷರರ್ ಪೀಟರ್ ಕಾಸ್ಟೆಲ್ಲೊ ಬೇಡ ಅಂದರು. 2018ರಲ್ಲಿ ಹಾಂಗ್‌ಕಾಂಗ್‌ನ ಸಿಕೆ ಗುಂಪು ಗ್ಯಾಸ್ ಪೈಪ್‌ಲೈನ್‌ಗಳ ಎಪಿಎ ಕಂಪನಿಗೆ ಸುಮಾರು 1,300 ಕೋಟಿ ಡಾಲರ್ ಕೊಡಲು ಬಂತು. ಪೈಪೋಟಿಗೆ ತೊಂದರೆ ಇಲ್ಲ ಅಂತ ಮಾರುಕಟ್ಟೆ ಪೈಪೋಟಿ ನೋಡಿಕೊಳ್ಳುವ ಎಸಿಸಿಸಿ ಒಪ್ಪಿತ್ತು, ಆದರೂ ಆಗಿನ ಟ್ರೆಷರರ್ ಜಾಷ್ ಫ್ರೈಡನ್‌ಬರ್ಗ್ ತಡೆದರು. ದೇಶದ ಇಷ್ಟು ದೊಡ್ಡ ಗ್ಯಾಸ್ ಸಾಗಾಟ ಒಂದೇ ವಿದೇಶಿ ಗುಂಪಿನ ಕೈಗೆ ಹೋಗಬಾರದು ಅನ್ನುವುದು ಅವರ ಕಾರಣ. ನನಗೆ ಅದು ಸರಿ ಅನ್ನಿಸಿತು. ಚಳಿಗಾಲದಲ್ಲಿ ಹೀಟರ್ ಉರಿಯುವುದು ಅದೇ ಪೈಪಿನಿಂದ ಅಲ್ವಾ?

ಇನ್ನು ರಾಜ್ಯದ ಮಾತು. ಹೊಸದಾಗಿ ಬಂದವರಿಗೆ ಗೊಂದಲವಾಗುವುದು ಇಲ್ಲೇ. ನೆಲದಡಿಯ ಗ್ಯಾಸ್ ರಾಜ್ಯದ ಸೊತ್ತು, ಅದನ್ನು ತೆಗೆಯಲು ಲೈಸೆನ್ಸ್ ಕೊಡುವುದೂ ರಾಜ್ಯವೇ. ಹಾಗಾಗಿ ದಕ್ಷಿಣ ಆಸ್ಟ್ರೇಲಿಯಾಕ್ಕೆ ಸ್ಯಾಂಟೋಸ್ ಅಂದರೆ ಬೇರೆಯೇ ನಂಟು. 1954ರಲ್ಲಿ ಅಡಿಲೇಡ್‌ನಲ್ಲಿ ಹುಟ್ಟಿದ ಕಂಪನಿ, ಇಂಗ್ಲಿಷ್ ಹೆಸರಿನ ಮೊದಲ ಎರಡಕ್ಷರವೇ (SA) ಆ ರಾಜ್ಯದ್ದು, ರಾಜ್ಯದ ಗ್ಯಾಸ್ ನೆಲೆ ಮೂಂಬಾದಿಂದ ಅಡಿಲೇಡ್‌ಗೆ ಗ್ಯಾಸ್ ಬರತೊಡಗಿದ್ದು 1969ರಲ್ಲಿ. ಪರ್ತ್‌ನ ಉದ್ಯಮಿ ಅಲನ್ ಬಾಂಡ್ ಮೂರನೇ ಒಂದು ಪಾಲಿಗಿಂತ ಜಾಸ್ತಿ ಷೇರು ಹಿಡಿದು ಕೂತಾಗ ರಾಜ್ಯ ಗಾಬರಿಯಾಯಿತು. ಬಾಂಡ್ ವಿದೇಶಿಯಲ್ಲ, ಇದೇ ದೇಶದವರು! ಆದರೂ 1979ರಲ್ಲಿ ರಾಜ್ಯ ಒಂದು ಕಾನೂನನ್ನೇ ತಂದಿತು: ಯಾರ ಕೈಯಲ್ಲೂ ಶೇಕಡಾ 15ಕ್ಕಿಂತ ಹೆಚ್ಚು ಸ್ಯಾಂಟೋಸ್ ಷೇರು ಇರಬಾರದು. ಬಾಂಡ್ ಮಾರಿ ಹೊರಟರು. ಆ ಮಿತಿ ತೆಗೆದದ್ದು 2008ರ ಕೊನೆಯಲ್ಲಿ, ಸುಮಾರು ಮೂವತ್ತು ವರ್ಷದ ನಂತರ.

ಮಿತಿ ಹೋದರೂ ಆ ಭಾವನೆ ಹೋಗಿಲ್ಲ. 2025ರ ಜೂನ್‌ನಲ್ಲಿ ಅಬುಧಾಬಿಯ ಎಕ್ಸ್‌ಆರ್‌ಜಿ ಗುಂಪು ಷೇರಿಗೆ ಸುಮಾರು 8.89 ಆಸ್ಟ್ರೇಲಿಯನ್ ಡಾಲರ್ ಕೊಡುತ್ತೇವೆ ಅಂದಾಗ, ಮುಖ್ಯ ಕಚೇರಿ ಅಡಿಲೇಡ್‌ನಲ್ಲೇ ಇರುತ್ತದೆ ಅಂತಲೂ ಸೇರಿಸಿಯೇ ಹೇಳಿತು. ಅದು ಯಾರ ಕಿವಿಗೆ ಬೀಳಲಿ ಅಂತ ಹೇಳಿದ್ದು ಅನ್ನುವುದು ಈಗ ನಿಮಗೆ ಗೊತ್ತಾಗುತ್ತದೆ. ಸರ್ಕಾರದ ತೀರ್ಮಾನದ ಹಂತಕ್ಕೆ ಅದು ಬರಲೇ ಇಲ್ಲ, ಸೆಪ್ಟೆಂಬರ್‌ನಲ್ಲಿ ಅವರೇ ಹಿಂದೆ ಸರಿದರು. ಮರುದಿನ ಷೇರು ಬೆಲೆ ಶೇಕಡಾ 10ಕ್ಕಿಂತ ಜಾಸ್ತಿ ಬಿತ್ತು.

ನಿಮಗೇನು ಅಂತೀರಾ? ನೀವು ಷೇರು ಕೊಳ್ಳದಿದ್ದರೂ ನಿಮ್ಮ ನಿವೃತ್ತಿ ಹಣ ನೋಡಿಕೊಳ್ಳುವ ಸೂಪರ್ ಫಂಡ್ ಕೊಂಡಿರಬಹುದು, ಆ್ಯಪ್ ತೆರೆದು ಒಮ್ಮೆ ನೋಡಿ. ಟೆಂಪರರಿ ವೀಸಾದಲ್ಲಿದ್ದು ಒಂದಿಷ್ಟು ಷೇರು ತೆಗೆದುಕೊಳ್ಳಲು ಯಾರ ಅನುಮತಿಯೂ ಬೇಡ, ಹೆದರಬೇಡಿ. ಆದರೆ 'ಇಷ್ಟು ಡಾಲರ್ ಕೊಡುತ್ತಾರಂತೆ' ಅನ್ನುವ ಸುದ್ದಿ ಬಂದ ಕೂಡಲೇ ಸುಮ್ನೆ ನುಗ್ಗಬೇಡಿ. ಇಂಥ ಮಾರಾಟ ಸಾಮಾನ್ಯವಾಗಿ 'ಸ್ಕೀಮ್' ಅನ್ನುವ ದಾರಿಯಲ್ಲಿ ನಡೆಯುತ್ತದೆ: ಬೋರ್ಡ್ ಒಪ್ಪಬೇಕು, ಚಲಾವಣೆಯಾದ ಮತಗಳಲ್ಲಿ ಶೇಕಡಾ 75 ಪರವಾಗಿ ಬೀಳಬೇಕು, ಕೋರ್ಟ್ ಒಪ್ಪಬೇಕು, ಅದರ ಜೊತೆಗೆ ಟ್ರೆಷರರ್ ಕೂಡ. ಷೇರು ಇಂದು ನಡೆಯುತ್ತಿರುವ ಬೆಲೆಗೂ ಅವರು ಹೇಳಿದ ಬೆಲೆಗೂ ನಡುವೆ ಅಂತರ ದೊಡ್ಡದಿದ್ದರೆ, ಮಾರುಕಟ್ಟೆಗೆ ಈ ವ್ಯವಹಾರ ಕುದುರುವ ನಂಬಿಕೆ ಕಡಿಮೆ ಅಂತ ಅರ್ಥ. ಇಲ್ಲಿನ ಷೇರುಪೇಟೆ ಎಎಸ್‌ಎಕ್ಸ್‌ನ ತಾಣದಲ್ಲಿ ಕಂಪನಿ ಹಾಕುವ ಪ್ರಕಟಣೆ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಬೆಲೆಯ ಕೆಳಗಿರುವ ಷರತ್ತುಗಳನ್ನು ಮೊದಲು ಓದಿ.